ಐದು ಬೆರಳಿನ ಸಾಕ್ಸ್: ಬೆರಳ ಸಂದಿಗೆ ಸೈ, ಮೂಳೆಗೆ ಅಲ್ಲ

ಒಂದೊಂದು ಬೆರಳಿಗೂ ಬೇರೆ ಗೂಡಿರುವ ಈ ಸಾಕ್ಸ್‌ನ ಪ್ಯಾಕೆಟ್ ಮೇಲಿನ ಮಾತನ್ನೆಲ್ಲ ನಂಬಿದರೆ ಅದು ಬೊಬ್ಬೆ ತಡೆಯುತ್ತದೆ, ವಾಸನೆ ಓಡಿಸುತ್ತದೆ, ವಾಲಿದ ಹೆಬ್ಬೆರಳನ್ನು ನೆಟ್ಟಗೆ ಮಾಡುತ್ತದೆ, ನಿಲುವನ್ನೂ ತಿದ್ದುತ್ತದೆ. ಮೊದಲನೆಯದು ಬಹುಮಟ್ಟಿಗೆ ನಿಜ, ಎರಡನೆಯದು ಅರ್ಧ ನಿಜ, ಉಳಿದದ್ದು ಮಾರಾಟದ ಮಾತು. ಇದು ಮಾಡುವ ಕೆಲಸ ಒಂದೇ: ಅಕ್ಕಪಕ್ಕದ ಬೆರಳುಗಳ ಚರ್ಮ ಒಂದಕ್ಕೊಂದು ತಾಗದಂತೆ ನಡುವೆ ಬಟ್ಟೆ ಇಡುವುದು. ಆ ಒಂದು ಕೆಲಸದಿಂದ ಆಗುವ ಲಾಭವೆಲ್ಲ ಸಿಗುತ್ತದೆ. ಮೂಳೆ ಜರುಗಬೇಕಾದ ಯಾವ ಲಾಭವೂ ಸಿಗುವುದಿಲ್ಲ.

ದೂರದ ಓಟಗಾರರು ಮತ್ತು ಚಾರಣಿಗರು ಇದನ್ನು ಹಚ್ಚಿಕೊಂಡಿರುವುದು ಬೊಬ್ಬೆಯ ಕಾರಣಕ್ಕೆ. ಚರ್ಮದ ಮೇಲೆ ಏನೋ ಉಜ್ಜಿದ್ದಕ್ಕೆ ಬೊಬ್ಬೆ ಏಳುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ನಡೆಯುವುದು ಸ್ವಲ್ಪ ಬೇರೆ. ಹೆಜ್ಜೆ ಊರಿದಾಗ ಒಳಗಿನ ಮೂಳೆ ಹಿಂದೆ ಮುಂದೆ ಸರಿಯುತ್ತದೆ. ಬೆವರಿಗೆ ಅಂಟಿದ ಹೊರಚರ್ಮ ಮಾತ್ರ ಇದ್ದಲ್ಲೇ ಇರುತ್ತದೆ. ನಡುವಿನ ಪದರಗಳು ಪ್ರತಿ ಹೆಜ್ಜೆಗೂ ಜಗ್ಗಿ, ಕೊನೆಗೆ ಚರ್ಮದ ಒಳಗೇ ಸೀಳಿ, ಆ ಜಾಗದಲ್ಲಿ ನೀರು ತುಂಬಿಕೊಳ್ಳುತ್ತದೆ. ಒಣ ಚರ್ಮಕ್ಕಿಂತ ಒದ್ದೆ ಚರ್ಮಕ್ಕೆ ಹಿಡಿತ ಜಾಸ್ತಿಯಾದ್ದರಿಂದ ಬೆವರುವ ಬೆರಳ ಸಂದು ಇದಕ್ಕೆ ಹೇಳಿ ಮಾಡಿಸಿದ ಜಾಗ. ಐದು ಗೂಡಿನ ಸಾಕ್ಸ್ ಹಾಕಿದಾಗ ಎರಡು ಬೆರಳ ನಡುವೆ ಎರಡು ಪದರ ಬಟ್ಟೆ ಬರುತ್ತದೆ, ಜಾರಾಟ ಬಟ್ಟೆಗೂ ಬಟ್ಟೆಗೂ ನಡುವೆ ಮುಗಿದುಹೋಗುತ್ತದೆ. ಕಿರುಬೆರಳು ಪಕ್ಕದ ಬೆರಳಿನ ಅಡಿಗೆ ಮಡಚಿಕೊಳ್ಳುವವರಿಗೆ ಫರಕು ಬೇಗ ಗೊತ್ತಾಗುತ್ತದೆ.

ಹಿಮ್ಮಡಿಯ ಬೊಬ್ಬೆಗೂ ಇದಕ್ಕೂ ಸಂಬಂಧವಿಲ್ಲ. ಅದು ಶೂ ಹಿಂಭಾಗದ ಸಡಿಲಕ್ಕೆ ಏಳುವಂಥದ್ದು. ಲೇಸ್ ಬಿಗಿ ಮಾಡಬೇಕು, ಇಲ್ಲವೇ ಶೂ ಬದಲಿಸಬೇಕು. ಅಂಗಾಲಿನಲ್ಲೂ ಬೊಬ್ಬೆ ಏಳುತ್ತಿದ್ದರೆ ತೆಳುವಾದ ಬೆರಳು ಸಾಕ್ಸ್ ಒಳಗೆ ಹಾಕಿ, ಮೇಲೆ ಮಾಮೂಲಿ ಸಾಕ್ಸ್ ಹಾಕಿಕೊಳ್ಳುವ ಪದ್ಧತಿ ಕೆಲಸ ಮಾಡುತ್ತದೆ, ಶೂನಲ್ಲಿ ಅಷ್ಟು ಜಾಗ ಇದ್ದರೆ.

ಇನ್ನು ಫಂಗಸ್. ಅಥ್ಲೀಟ್ಸ್ ಫುಟ್ ಅನ್ನುವ ಸೋಂಕು ಸಾಮಾನ್ಯವಾಗಿ ಶುರುವಾಗುವುದು ನಾಲ್ಕನೇ ಬೆರಳು ಮತ್ತು ಕಿರುಬೆರಳ ನಡುವೆ. ಅಲ್ಲಿ ಬೆರಳುಗಳು ಅಂಟಿಕೊಂಡೇ ಇರುತ್ತವೆ, ಗಾಳಿ ಹೋಗುವುದಿಲ್ಲ. ಚರ್ಮ ಬೆಳ್ಳಗಾಗಿ, ನೀರಲ್ಲಿ ನೆನೆದ ಹಾಗೆ ಊದಿ, ಸುಲಿದು, ಬಿರುಕು ಬಿಟ್ಟು ತುರಿಸುತ್ತದೆ. ಸಂದಿಯ ಬೆವರನ್ನು ಬಟ್ಟೆ ಹೀರಿಕೊಂಡರೆ ಫಂಗಸ್‌ಗೆ ಬೇಕಾದ ತೇವ ಕಡಿಮೆಯಾಗುತ್ತದೆ. ಸೋಂಕು ಪದೇ ಪದೇ ಮರುಕಳಿಸುವವರು ಈ ಸಾಕ್ಸ್ ಹಾಕುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಹಾಗಂತ ಇದು ಔಷಧಿಯಲ್ಲ. ಬಂದಿರುವ ಸೋಂಕಿಗೆ ಕ್ಲೋಟ್ರಿಮಜೋಲ್ ಅಥವಾ ಟರ್ಬಿನಾಫಿನ್‌ನಂಥ ಫಂಗಸ್ ನಾಶಕ ಇರುವ ಮುಲಾಮೇ ಬೇಕು. ತುರಿಕೆ ನಿಂತ ದಿನವೇ ಮುಲಾಮು ನಿಲ್ಲಿಸುವುದು ಎಲ್ಲರೂ ಮಾಡುವ ಎಡವಟ್ಟು. ಟ್ಯೂಬಿನ ಜೊತೆಗಿನ ಚೀಟಿಯಲ್ಲಿ ಹೇಳಿದಷ್ಟು ದಿನ ಪೂರ್ತಿ ಹಚ್ಚಬೇಕು. ಸಂದು ಒರೆಸಿ, ತೆಳ್ಳಗೆ ಹಚ್ಚಿ, ಒಂದು ಹತ್ತು ನಿಮಿಷ ಆರಲು ಬಿಟ್ಟು ಆಮೇಲೆ ಸಾಕ್ಸ್ ಹಾಕಿ. ಇಲ್ಲದಿದ್ದರೆ ಮುಲಾಮು ಬಟ್ಟೆಗೆ ಹೋಗುತ್ತದೆ, ಚರ್ಮಕ್ಕಲ್ಲ. ಪೌಡರ್ ಹಾಕುವ ಅಭ್ಯಾಸವಿದ್ದರೆ ಕೈಯಲ್ಲಿ ಉಜ್ಜಿ ಸವರಿದಷ್ಟು ಸಾಕು. ಸುರಿದರೆ ಬೆವರಿಗೆ ಉಂಡೆಗಟ್ಟಿ ಗೂಡಿನ ಬುಡದಲ್ಲಿ ಮರಳಿನಂತೆ ಒತ್ತುತ್ತದೆ.

ವಾಸನೆಯ ವಿಷಯದಲ್ಲಿ ಅರ್ಧ ನಿಜ ಎಂದದ್ದು ಏಕೆಂದರೆ, ಬೆವರಿನ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ ಅಂಗಾಲಿನಲ್ಲೂ ಇರುತ್ತದೆ, ಶೂ ಒಳಗೂ ಇರುತ್ತದೆ. ಸಂದು ಒಣಗಿಸಿದರೆ ಅಷ್ಟರಮಟ್ಟಿಗೆ ಕಡಿಮೆಯಾಗಬಹುದು. ನಿನ್ನೆಯ ಒದ್ದೆ ಶೂಗೆ ಇವತ್ತು ಎಷ್ಟು ಒಳ್ಳೆಯ ಸಾಕ್ಸ್ ಹಾಕಿದರೂ ವ್ಯರ್ಥ.

ಬೆರಳ ಸಂದಿನಲ್ಲಿ ಆಗುವ ಮೆತ್ತನೆಯ ಆಣಿಗೆ ಇದರ ಪರಿಣಾಮ ಎರಡು ಥರ. ಆಣಿ ಆಗುವುದು ಎರಡು ಬೆರಳ ಮೂಳೆಗಳು ಒಂದಕ್ಕೊಂದು ಒತ್ತುವುದರಿಂದ. ಅಗಲವಾದ ಶೂನಲ್ಲಿ ಈ ಸಾಕ್ಸ್ ತೇವವನ್ನೂ ಒತ್ತಡವನ್ನೂ ಚೂರು ತಗ್ಗಿಸುತ್ತದೆ. ಕಿರಿದಾದ ಶೂನಲ್ಲಿ ಅದೇ ಬಟ್ಟೆ ಒತ್ತಡವನ್ನು ಹೆಚ್ಚಿಸುತ್ತದೆ. ಹೆಬ್ಬೆರಳ ಬುಡದಲ್ಲಿ ಗಂಟು ಎದ್ದು ಬೆರಳು ಪಕ್ಕಕ್ಕೆ ವಾಲುವ ಹಾಲಕ್ಸ್ ವಾಲ್ಗಸ್‌ನಂಥ ತೊಂದರೆಯನ್ನಂತೂ ಈ ತೆಳು ಬಟ್ಟೆ ನೆಟ್ಟಗೆ ಮಾಡಲಾರದು. ಬೆರಳುಗಳು ಹರಡಿಕೊಂಡಂತೆ ಹಾಯಾಗಿರುವುದು ನಿಜ. ಆ ಹಾಯನ್ನೇ ಚಿಕಿತ್ಸೆ ಎಂದುಕೊಳ್ಳಬೇಡಿ.

ಶೂ ಲೆಕ್ಕ ಇಲ್ಲಿ ಬಹಳ ಮುಖ್ಯ, ಮತ್ತು ಯಾವ ಪ್ಯಾಕೆಟ್ ಮೇಲೂ ಕಾಣಿಸದ್ದು ಇದೇ. ಪಾದದಲ್ಲಿ 4 ಸಂದುಗಳಿವೆ, ಒಂದೊಂದರಲ್ಲೂ 2 ಪದರ ಬಟ್ಟೆ. ಒತ್ತಿದಾಗ ಪದರವೊಂದು ಅರ್ಧ ಮಿಲಿಮೀಟರ್ ಅಂದುಕೊಂಡರೂ ಬೆರಳುಗಳ ಸಾಲು 4 ಮಿಲಿಮೀಟರ್ ಅಗಲವಾಯಿತು. ಮಾಮೂಲಿ ಸಾಕ್ಸ್‌ನಲ್ಲಿ ಬಿಗಿಯಾಗಿ ಕೂರುತ್ತಿದ್ದ ಶೂ ಇದರಲ್ಲಿ ಹಿಂಡತೊಡಗುತ್ತದೆ. ಆಮೇಲೆ ಬೆರಳು ಜೋಮು ಹಿಡಿಯಿತು ಎಂದು ಜನ ಸಾಕ್ಸ್ ಅನ್ನು ಬೈಯುತ್ತಾರೆ. ಪರೀಕ್ಷೆ ಸುಲಭ: ಶೂ ಒಳಗಿನ ಅಟ್ಟೆ ಹೊರಗೆ ತೆಗೆದು ನೆಲದ ಮೇಲಿಟ್ಟು, ಸಾಕ್ಸ್ ಹಾಕಿದ ಕಾಲಲ್ಲಿ ಅದರ ಮೇಲೆ ಪೂರ್ತಿ ಭಾರ ಬಿಟ್ಟು ನಿಲ್ಲಿ. ಬೆರಳುಗಳು ಅಟ್ಟೆಯ ಅಂಚು ದಾಟಿ ಹೊರಗೆ ಚಾಚಿದರೆ ಆ ಶೂಗೆ ಈ ಸಾಕ್ಸ್ ಬೇಡ. ಉದ್ದನೆಯ ಬೆರಳಿನ ಮುಂದೆ ಸುಮಾರು 1 ಸೆಂಟಿಮೀಟರ್ ಜಾಗವೂ ಇರಬೇಕು. ಸಂಜೆ ಹೊತ್ತು ಕಾಲು ಸ್ವಲ್ಪ ಊದಿರುತ್ತದೆ, ನೋಡುವುದಾದರೆ ಆಗಲೇ ನೋಡಿ.

ಸೈಜ್ ಆರಿಸುವಾಗ ಎದುರಾಗುವ ತಕರಾರು ಏನೆಂದರೆ, ಕಂಪನಿಗಳು ಪಾದದ ಉದ್ದ ನೋಡಿ ಅಳತೆ ಕೊಡುತ್ತವೆ, ಬೆರಳಿನ ಉದ್ದ ನೋಡಿ ಅಲ್ಲ. ಹೆಬ್ಬೆರಳಿಗಿಂತ ಎರಡನೇ ಬೆರಳು ಉದ್ದ ಇರುವವರಿಗೆ ಆ ಗೂಡು ಗಿಡ್ಡವಾಗಿ, ತುದಿ ಎಳೆದು, ಉಗುರು ಒತ್ತುತ್ತದೆ. ಕಿರುಬೆರಳು ತೀರಾ ಚಿಕ್ಕದಾದರೆ ಗೂಡಿನ ಮುಂಭಾಗ ಖಾಲಿ ಉಳಿದು ಮಡಚಿಕೊಳ್ಳುತ್ತದೆ. ತಡೆಯಬೇಕಾಗಿದ್ದ ಬೊಬ್ಬೆಯನ್ನು ಆ ಮಡಿಕೆಯೇ ಏಳಿಸುತ್ತದೆ. ಹುಟ್ಟಿನಿಂದಲೇ ಎರಡನೇ, ಮೂರನೇ ಬೆರಳ ನಡುವಿನ ಚರ್ಮ ಕೂಡಿಕೊಂಡವರಿಗೆ ಇದು ಹೊಂದುವುದೇ ಇಲ್ಲ.

ಕೊಳ್ಳುವ ಮುಂಚೆ ಸಾಕ್ಸ್ ಒಳಮಗ್ಗುಲು ತಿರುವಿ ಗೂಡುಗಳು ಕವಲೊಡೆಯುವ ಜಾಗದಲ್ಲಿ ಬೆರಳಾಡಿಸಿ. ಅಲ್ಲಿ ದಾರದ ಗಂಟು, ದಪ್ಪ ಹೊಲಿಗೆ ಕೈಗೆ ಸಿಕ್ಕಿತೋ, ವಾಪಸ್ ಇಟ್ಟುಬಿಡಿ. ಒಳ್ಳೆಯ ಸಾಕ್ಸ್‌ನಲ್ಲಿ ಗೂಡುಗಳು ಕೈಗವಸಿನ ಬೆರಳಿನಂತೆ ಹೆಣಿಗೆಯಲ್ಲೇ ಮೂಡಿಬಂದಿರುತ್ತವೆ. ಹಿಮ್ಮಡಿಗೆ ಉಬ್ಬು ಕೊಟ್ಟಿದ್ದಾರೆಯೇ ಅನ್ನುವುದನ್ನೂ ನೋಡಿ. ನೇರ ಕೊಳವೆಯಂತಿದ್ದರೆ ನಡೆಯುತ್ತ ನಡೆಯುತ್ತ ಸಾಕ್ಸ್ ತಿರುಗಿ, ಗೂಡುಗಳು ಬೆರಳ ಬುಡದಿಂದ ಕಳಚಿಕೊಳ್ಳುತ್ತವೆ.

ಬಟ್ಟೆಯಲ್ಲಿ ಶುದ್ಧ ಹತ್ತಿ ಮನೆಯೊಳಗೆ, ಕುಳಿತು ಮಾಡುವ ಕೆಲಸಕ್ಕೆ ಸಾಕು. ನಡಿಗೆ, ಓಟಕ್ಕೆ ಬೇಡ. ಹತ್ತಿ ಬೆವರು ಹೀರುತ್ತದೆ, ಬಿಡುವುದಿಲ್ಲ, ಒದ್ದೆ ಬಟ್ಟೆ ಸಂದಿಯಲ್ಲೇ ಕೂತಿರುತ್ತದೆ. ಪಾಲಿಯೆಸ್ಟರ್ ಅಥವಾ ಮೆರಿನೊ ಉಣ್ಣೆಗೆ ನೈಲಾನ್, ಸ್ವಲ್ಪ ಸ್ಪಾಂಡೆಕ್ಸ್ (ಹಿಗ್ಗುವ ನೂಲು) ಸೇರಿರುವುದು ವಾಸಿ. ಮೆರಿನೊ ವಾಸನೆ ಹಿಡಿಯುವುದು ನಿಧಾನ, ಸವೆಯುವುದು ಬೇಗ. ಚಳಿಗೆಂದೇ ಕೊಳ್ಳುವವರು ಗಮನಿಸಿ: ಬೇರೆ ಬೇರೆಯಾದ ಬೆರಳುಗಳು ಒಂದಕ್ಕೊಂದು ಬಿಸಿ ಕೊಡುವುದಿಲ್ಲ, ಅಷ್ಟೇ ದಪ್ಪದ ಮಾಮೂಲಿ ಸಾಕ್ಸ್ ಇದಕ್ಕಿಂತ ಬೆಚ್ಚಗಿರುತ್ತದೆ.

ಹಾಕಿಕೊಳ್ಳುವುದು ತಾಳ್ಮೆಯ ಕೆಲಸ. ಕುಳಿತುಕೊಳ್ಳಿ, ಸಂದುಗಳನ್ನು ಒರೆಸಿ ಪೂರ್ತಿ ಒಣಗಿಸಿ. ತೇವ ಇದ್ದರೆ ಬೆರಳು ಗೂಡಿಗೆ ಇಳಿಯುವುದೇ ಇಲ್ಲ. ಎಡ, ಬಲ ನೋಡಿಕೊಂಡು ಸಾಕ್ಸ್ ಅನ್ನು ಗೂಡುಗಳವರೆಗೆ ಸುರುಳಿ ಸುತ್ತಿ, ಮೊದಲು ಹೆಬ್ಬೆರಳು ತೂರಿಸಿ, ಆಮೇಲೆ ಒಂದೊಂದಾಗಿ ಕಿರುಬೆರಳ ಕಡೆಗೆ ಹೋಗಿ. ಐದೂ ಬುಡ ಮುಟ್ಟುವ ಮುಂಚೆ ಹಿಮ್ಮಡಿಗೆ ಎಳೆಯಬಾರದು. ಎಳೆದರೆ ಕವಲಿನ ಬಟ್ಟೆ ಸಂದಿನ ಚರ್ಮವನ್ನು ಕೊಯ್ಯುವ ಹಾಗೆ ಹಿಡಿಯುತ್ತದೆ. ಹಿಮ್ಮಡಿ ಕೂತ ಮೇಲೆ ಪ್ರತಿ ಗೂಡಿನ ತುದಿಯನ್ನು ಚಿವುಟಿ ಚೂರೇ ಚೂರು ಮುಂದಕ್ಕೆ ಎಳೆದು, ಬೆರಳಾಡಿಸಿ ನೋಡಿ. ಬೆನ್ನು ಬಗ್ಗಿಸಲಾಗದವರು, ಸಂಧಿವಾತದಿಂದ ಕೈಬೆರಳು ಬಿಗಿದವರು ದಿನಾ ಇಷ್ಟೆಲ್ಲ ಮಾಡುವುದು ಕಷ್ಟವೇ.

ಮಧುಮೇಹದಿಂದ ಪಾದದ ಸ್ಪರ್ಶ ಕಳೆದುಕೊಂಡವರು ವೈದ್ಯರನ್ನು ಕೇಳದೆ ಇದನ್ನು ಹಾಕಬಾರದು. ಕವಲಿನ ಹೊಲಿಗೆ ಒತ್ತಿ ಗಾಯವಾದರೂ ಅವರಿಗೆ ನೋವು ತಿಳಿಯುವುದಿಲ್ಲ, ಗಾಯ ಕಾಣುವುದೂ ಇಲ್ಲ. ಕಾಲು ಬಾವು ಬರುವವರಿಗೆ, ಬೆರಳ ಸಂದಿನಲ್ಲಿ ತೆರೆದ ಹುಣ್ಣಿರುವವರಿಗೆ ಇದೇ ಮಾತು ಅನ್ವಯ.

ಒಗೆಯುವಾಗ ಒಳಮಗ್ಗುಲು ತಿರುವಿಯೇ ಒಗೆಯಬೇಕು. ಸತ್ತ ಚರ್ಮ, ನೂಲಿನ ಜುಂಗು ಎಲ್ಲ ಗೂಡಿನ ತುದಿಯಲ್ಲಿ ಸೇರಿರುತ್ತದೆ. ಪೆನ್ಸಿಲ್‌ನ ಮೊಂಡು ತುದಿಯಿಂದ ತಳ್ಳಿದರೆ ಗೂಡು ಹೊರಗೆ ಬರುತ್ತದೆ. ಫಂಗಸ್ ಇದ್ದಾಗ 60 ಡಿಗ್ರಿ ಬಿಸಿನೀರು ಒಳ್ಳೆಯದು, ಲೇಬಲ್ ಒಪ್ಪಿದರೆ ಮಾತ್ರ. ಉಣ್ಣೆ ಅಷ್ಟು ಬಿಸಿ ತಾಳುವುದಿಲ್ಲ. ಬಟ್ಟೆ ಮೆದು ಮಾಡುವ ದ್ರವ ಬೇಡ, ನೂಲಿಗೆ ಅದರ ಲೇಪ ಕೂತರೆ ಬೆವರು ಹೀರುವುದು ಕಡಿಮೆಯಾಗುತ್ತದೆ. ಡ್ರೈಯರ್‌ನ ಜೋರು ಬಿಸಿಗೆ ಸ್ಪಾಂಡೆಕ್ಸ್ ಸತ್ತು ಸಾಕ್ಸ್ ಜೋಲುತ್ತದೆ. ಕಾಲಿನ ಭಾಗ ಒಣಗಿದರೂ ಗೂಡುಗಳು ಒದ್ದೆ ಇರುತ್ತವೆ, ಮುಟ್ಟಿ ನೋಡಿ ತೆಗೆಯಿರಿ.

ಬಾಳಿಕೆ ಮಾಮೂಲಿ ಸಾಕ್ಸ್‌ಗಿಂತ ಕಡಿಮೆ. ಎಡದ್ದನ್ನು ಬಲಕ್ಕೆ ಬದಲಾಯಿಸುವಂತಿಲ್ಲವಾದ್ದರಿಂದ ಸವೆತ ಯಾವಾಗಲೂ ಒಂದೇ ಜಾಗಕ್ಕೆ, ಹೆಚ್ಚಾಗಿ ಹೆಬ್ಬೆರಳ ತುದಿಗೆ. ಉಗುರನ್ನು ನೇರವಾಗಿ ಕತ್ತರಿಸಿ ಅಂಚು ಉಜ್ಜಿಕೊಂಡರೆ ತೂತು ತಡವಾಗಿ ಬೀಳುತ್ತದೆ. ಮೊದಲಿಗೆ ತೆಳುವಾದ ಒಂದೇ ಜೊತೆ ತಂದು, ಮನೆಯಲ್ಲಿ ಒಂದು ಗಂಟೆ ಓಡಾಡಿ ಬಿಚ್ಚಿ ನೋಡಿ. ಸಂದಿನ ಬುಡದಲ್ಲಿ ಕೆಂಪು ಗೆರೆ ಮೂಡಿದ್ದರೆ ಒಂದು ಸೈಜ್ ದೊಡ್ಡದು ಬೇಕು, ಬೆರಳ ಅಡಿಯಲ್ಲಿ ಮಡಿಕೆಯ ಅಚ್ಚು ಬಿದ್ದಿದ್ದರೆ ಒಂದು ಸೈಜ್ ಚಿಕ್ಕದು.