ನಂದಿಬೆಟ್ಟದ ಇಳಿಜಾರಿಗೆ ಯಾವ ರೇಡಾರ್ ವಿಧಾನ? ಎರಡನ್ನೂ ಬಳಸಿ ನೋಡಿದ ಹೋಲಿಕೆ

2021ರ ಆಗಸ್ಟ್‌ನ ಮಳೆಗೆ ನಂದಿಬೆಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋದ ಮೇಲೆ, ಇಳಿಜಾರಿನ ನಿಧಾನ ಚಲನೆಯನ್ನು ಉಪಗ್ರಹದಿಂದ ಗುರುತಿಸಬಹುದೇ ಎಂಬುದು ಚಿಕ್ಕಬಳ್ಳಾಪುರದವರಾದ ನಮಗೆ ಮನೆಬಾಗಿಲಿನ ಪ್ರಶ್ನೆಯಾಯಿತು. ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1ರ, ಉಚಿತವಾಗಿ ಸಿಗುವ ಚಿತ್ರಗಳ ಮೇಲೆ ನಾನು ಎರಡು ವಿಧಾನಗಳನ್ನು ಪ್ರಯೋಗಿಸಿದೆ: ಸ್ಟಾಂಪ್ಸ್ ತಂತ್ರಾಂಶದ ಸ್ಥಿರ ಬಿಂದು ವಿಧಾನ ಮತ್ತು ಹೈಪ್3 ಎಂಬ ಆನ್‌ಲೈನ್ ಸೇವೆಯಿಂದ ಸಿದ್ಧ ಇಂಟರ್‌ಫೆರೋಗ್ರಾಮ್‌ಗಳನ್ನು (ಎರಡು ದಿನಾಂಕಗಳ ಚಿತ್ರಗಳ ಜೋಡಿಯನ್ನು ಹೋಲಿಸಿ, ನೆಲ ಸರಿದದ್ದನ್ನು ಬಣ್ಣದ ಸುತ್ತುಗಳಾಗಿ ತೋರಿಸುವ ನಕ್ಷೆಗಳನ್ನು) ತರಿಸಿ ಮಿಂಟ್‌ಪೈ ತಂತ್ರಾಂಶದಲ್ಲಿ ಕಾಲಾನುಕ್ರಮಕ್ಕೆ ಹೊಂದಿಸುವ ಎಸ್‌ಬಿಎಎಸ್ ವಿಧಾನ.

ಸ್ಥಿರ ಬಿಂದು ವಿಧಾನವು ವರ್ಷವಿಡೀ ಒಂದೇ ರೀತಿ ಪ್ರತಿಫಲಿಸುವ ಬಿಂದುಗಳನ್ನಷ್ಟೇ ಆರಿಸಿಕೊಳ್ಳುತ್ತದೆ. ಹಾಗಾಗಿ ಬೋಳು ಬಂಡೆ, ರಸ್ತೆಯ ತಡೆಗೋಡೆ, ಬೆಟ್ಟದ ಮೇಲಿನ ಕಟ್ಟಡಗಳ ಮೇಲೆ ಬಿಂದುಗಳು ದಟ್ಟವಾಗಿ ದೊರೆತವು. ಮರಗಳಿರುವ ಕಡೆ ನಕ್ಷೆ ಖಾಲಿಯೇ ಉಳಿಯಿತು. ಸ್ನ್ಯಾಪ್ ಎಂಬ ತಂತ್ರಾಂಶದಲ್ಲಿ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ಕೆಲಸಕ್ಕೆ ಡಿಸ್ಕ್ ಜಾಗವೂ ತಾಳ್ಮೆಯೂ ಬೇಕು, ಜೊತೆಗೆ ಸ್ಟಾಂಪ್ಸ್‌ಗೆ ಮ್ಯಾಟ್‌ಲ್ಯಾಬ್ ಎಂಬ ಗಣಿತ ತಂತ್ರಾಂಶದ ಪರವಾನಗಿಯೂ ಬೇಕು.

ಎಸ್‌ಬಿಎಎಸ್‌ನಲ್ಲಿ ಭಾರವಾದ ಕೆಲಸ ಹೈಪ್3ನ ಕ್ಲೌಡ್ ಸರ್ವರ್‌ಗಳಲ್ಲೇ ಮುಗಿಯುವುದರಿಂದ ಸಾಧಾರಣ ಲ್ಯಾಪ್‌ಟಾಪ್ ಸಾಕು. ಬೆಟ್ಟದ ತಪ್ಪಲಿನ ಕುರುಚಲು ಇಳಿಜಾರುಗಳೂ ಬೇಸಿಗೆಯ ಜೋಡಿಗಳಲ್ಲಿ ಚೆನ್ನಾಗಿ ಕಂಡವು. ಮಳೆಗಾಲದ ಜೋಡಿಗಳಲ್ಲಿ ಮಾತ್ರ ಎರಡು ಚಿತ್ರಗಳ ಸಂಕೇತಗಳ ನಡುವಿನ ಹೊಂದಾಣಿಕೆ ಕಳಚಿಹೋಯಿತು, ಅಂದರೆ ಮಾಹಿತಿ ಹೆಚ್ಚು ಬೇಕಾದ ತಿಂಗಳುಗಳಲ್ಲೇ ಅದು ಸೊರಗುತ್ತದೆ. ಹೈಪ್3ನ ಒಂದು ಪಿಕ್ಸೆಲ್ ಸಾಮಾನ್ಯವಾಗಿ 80 ಮೀಟರ್, ಸೂಕ್ಷ್ಮವಾಗಿ ಕೇಳಿದರೆ 40 ಮೀಟರ್. ಅಷ್ಟರೊಳಗೆ ರಸ್ತೆ, ಗೋಡೆ, ಕಾಡು ಎಲ್ಲವೂ ಬೆರೆತು, ಕಿರಿದಾದ ಜಾರುವಿಕೆ ಸರಾಸರಿಯಲ್ಲಿ ಮುಳುಗುತ್ತದೆ.

ಎರಡಕ್ಕೂ ಸಮಾನವಾದ ದೊಡ್ಡ ತೊಡಕು ಗಾಳಿಯ ತೇವಾಂಶ. ಸೆಂಟಿನೆಲ್-1ರ ತರಂಗಾಂತರ ಸುಮಾರು 5.6 ಸೆಂ.ಮೀ., ಹಾಗಾಗಿ ಬಣ್ಣದ ಒಂದು ಸುತ್ತು ಉಪಗ್ರಹದ ದಿಕ್ಕಿನಲ್ಲಿ 2.8 ಸೆಂ.ಮೀ. ಚಲನೆಗೆ ಸಮ. ಆದರೆ 1,478 ಮೀಟರ್ ಎತ್ತರದ ನೆತ್ತಿಗೂ ತಪ್ಪಲಿಗೂ ನಡುವಿನ ನೀರಾವಿಯ ಪದರವೇ ಅಂಥ ಬಣ್ಣಗಳನ್ನು ಮೂಡಿಸಿ, ಇಡೀ ಬೆಟ್ಟವೇ ಏರಿಳಿದಂತೆ ತೋರಿಸಬಲ್ಲದು. ಬಣ್ಣಗಳು ಎತ್ತರದ ರೇಖೆಗಳನ್ನೇ ಅನುಸರಿಸುತ್ತಿದ್ದರೆ ಮೊದಲು ಹವೆಯನ್ನೇ ಶಂಕಿಸಬೇಕು. ಮಿಂಟ್‌ಪೈನಲ್ಲಿ ಇಆರ್‌ಎ5 ಎಂಬ ಹವಾಮಾನ ದತ್ತಾಂಶ ಬಳಸಿ ಇದನ್ನು ತಿದ್ದುವುದು ಸುಲಭ. ಅದಕ್ಕಿಂತಲೂ ನನಗೆ ಹೆಚ್ಚು ನೆರವಾದದ್ದು ಆಧಾರ ಬಿಂದುವನ್ನು (ಅಲುಗದೆಂದು ಹಿಡಿದು, ಉಳಿದೆಡೆಯ ಚಲನೆಯನ್ನು ಅಳೆಯುವ ಜಾಗವನ್ನು) ಊರಿನ ತಾರಸಿಯಿಂದ ತೆಗೆದು, ಪರೀಕ್ಷಿಸುವ ಇಳಿಜಾರಿನಷ್ಟೇ ಎತ್ತರದ ಬಂಡೆಯ ಮೇಲೆ ಇಟ್ಟದ್ದು.

ಇಡೀ ಬೆಟ್ಟವನ್ನು ಮೊದಲ ಬಾರಿ ಜಾಲಾಡಲು ಎಸ್‌ಬಿಎಎಸ್, ರಸ್ತೆಯ ಗೋಡೆಗಳ ಮೇಲೆ ನಿಗಾ ಇಡಲು ಸ್ಥಿರ ಬಿಂದು, ಇದು ನನ್ನ ಆಯ್ಕೆ. ಒಂದನ್ನೇ ಆರಿಸಬೇಕಾದರೆ ಸ್ಥಿರ ಬಿಂದು ವಿಧಾನವನ್ನೇ ಆರಿಸುತ್ತೇನೆ, ಏಕೆಂದರೆ ಜನ ಓಡಾಡುವುದು ರಸ್ತೆಯಲ್ಲಿ. ಆದರೆ ಉಪಗ್ರಹ ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಸುತ್ತುತ್ತ ಪಕ್ಕಕ್ಕೆ ನೋಡುವುದರಿಂದ, ಉತ್ತರಕ್ಕೋ ದಕ್ಷಿಣಕ್ಕೋ ಜಾರುವ ಮಣ್ಣು ಎರಡರಲ್ಲೂ ಕಾಣುವುದು ಅತಿ ಕಡಿಮೆ. ಒಂದೇ ರಾತ್ರಿಯ ಮಳೆಗೆ ಏಕಾಏಕಿ ಕುಸಿಯುವ ಮಣ್ಣಿನ ಬಗ್ಗೆಯೂ ಇವು ಮುನ್ನೆಚ್ಚರಿಕೆ ಕೊಡಲಾರವು.

ಮರಗಳಿರುವ ಇಳಿಜಾರುಗಳಿಗೆ ನನ್ನ ನಿರೀಕ್ಷೆ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ, ನಾಸಾ-ಇಸ್ರೋ ಜಂಟಿ ರೇಡಾರ್ ಉಪಗ್ರಹ ನಿಸಾರ್ ಮೇಲೆ. ಅದರ ಎಲ್-ಬ್ಯಾಂಡ್‌ನ ಸುಮಾರು 24 ಸೆಂ.ಮೀ. ತರಂಗ ಎಲೆಗಳನ್ನು ದಾಟಿ ನೆಲ ಮುಟ್ಟುವ ಸಾಧ್ಯತೆ ಹೆಚ್ಚು, ಮತ್ತು ಅದು 12 ದಿನಗಳಿಗೊಮ್ಮೆ ಅದೇ ಪಥಕ್ಕೆ ಮರಳುತ್ತದೆ.