ಟೋನ್ಲೆ ಸಾಪ್ ದೋಣಿಯಲ್ಲಿ ಅಕ್ಕಿ ಚೀಲ ಕೊಳ್ಳಬೇಡಿ

ಅಂಕೋರ್ ದೇವಾಲಯಗಳನ್ನು ನೋಡಲು ಕಾಂಬೋಡಿಯಾದ ಸಿಯೆಮ್ ರೀಪ್‌ಗೆ ಹೊರಟವರು ಟೋನ್ಲೆ ಸಾಪ್ ಸರೋವರದ ದೋಣಿ ಹತ್ತುವ ಮುನ್ನ ಇದನ್ನು ಓದಿಕೊಳ್ಳಿ.

ದೇವಾಲಯಗಳ ಬಗ್ಗೆ ನನ್ನ ತಕರಾರೇನೂ ಇಲ್ಲ. ಒಂದು ದಿನದ ಪಾಸಿಗೆ 37 ಡಾಲರ್, ದುಬಾರಿಯೇ. ಆದರೆ ಅಂಕೋರ್ ವಾಟ್‌ನ ಗೋಡೆಯುದ್ದಕ್ಕೂ ವಾಸುಕಿಯನ್ನು ಹಿಡಿದೆಳೆಯುವ ದೇವದಾನವರ ಸಾಲು ನೋಡುತ್ತ ನಡೆದರೆ ದುಡ್ಡಿನ ಮಾತು ಮರೆತುಹೋಗುತ್ತದೆ. ಬಯೋನ್ ದೇವಾಲಯದ ಹೊರಗೋಡೆಯಲ್ಲಿ ನೆರೆಯ ಚಂಪಾ ರಾಜ್ಯದ ಚಾಮ್ ಸೈನ್ಯದೊಡನೆ ನಡೆದ ದೋಣಿ ಯುದ್ಧವಿದೆ, ದೋಣಿಗಳ ಅಡಿಯಲ್ಲಿ ಮೀನು, ಮೊಸಳೆಗಳಿವೆ. ಹೊರಬಂದು ಅದನ್ನೇ ಹೊಗಳುತ್ತಿದ್ದಾಗ ನಮ್ಮ ಟುಕ್-ಟುಕ್ ಚಾಲಕ, ‘ಆ ಯುದ್ಧ ನಡೆದ ಸರೋವರವನ್ನೇ ತೋರಿಸುತ್ತೇನೆ, ಬನ್ನಿ’ ಎಂದ.

ದೇವಾಲಯದ ಪಾಸು ಅಲ್ಲಿ ನಡೆಯದು. ದೋಣಿಗೆ ಬೇರೆ ಟಿಕೆಟ್. ನಮ್ಮ ಜೊತೆ ಮೈಸೂರಿನ ಹಿರಿಯ ದಂಪತಿ ಇದ್ದರು. ಮಾರ್ಗದರ್ಶಿಯೆಂದು ಹತ್ತಿದ ಯುವಕ ಮೊದಲೇ ‘ಇಂಡಿಯಾದವರೇ?’ ಎಂದು ವಿಚಾರಿಸಿಕೊಂಡ. ದೋಣಿ ನೀರಿನ ಮೇಲಿನ ಹಳ್ಳಿಗೆ ಹೋಗದೆ ತೇಲುವ ಅಂಗಡಿಯೊಂದಕ್ಕೆ ತಾಗಿ ನಿಂತಿತು. ‘ಶಾಲೆಯ ಅನಾಥ ಮಕ್ಕಳಿಗೆ ದುಡ್ಡು ಬೇಡ, ಅಕ್ಕಿ ಕೊಡಿ’ ಎಂದ ಯುವಕ. ಚೀಲಕ್ಕೆ 60 ಡಾಲರ್! ಅನ್ನದಾನ ಎಂದರೆ ನಮ್ಮವರಿಗೆ ಇಲ್ಲವೆನ್ನಲು ನಾಲಿಗೆ ಏಳುವುದಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತು. ದಂಪತಿ ಕೊಂಡರು. ಚೀಲವನ್ನು ಶಾಲೆಯ ಜಗುಲಿಯಲ್ಲಿ ಇಳಿಸಿದ್ದಾಯಿತು, ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಸಿದ್ದಾಯಿತು. ಮರಳುವಾಗ ನೋಡಿದರೆ, ಮೂಲೆ ಹರಿದು ನೀಲಿ ದಾರದಲ್ಲಿ ಹೊಲಿದಿದ್ದ ಅದೇ ಚೀಲ ಸಣ್ಣ ದೋಣಿಯೊಂದರಲ್ಲಿ ಅಂಗಡಿಯತ್ತ ಸಾಗುತ್ತಿತ್ತು. ಕೇಳಿದ್ದಕ್ಕೆ ಯುವಕ ನಕ್ಕ. ಆಮೇಲೆ ನಡುನೀರಿನಲ್ಲಿ ಎಂಜಿನ್ ನಿಂತಿತು. ಯುವಕನಿಗೂ ದೋಣಿ ನಡೆಸುವವನಿಗೂ ‘ಭಕ್ಷೀಸು’ ಕೊಟ್ಟ ಮೇಲೆಯೇ ಅದು ಮತ್ತೆ ಚಾಲೂ ಆದದ್ದು.

ದೋಣಿಯಲ್ಲಿ ಜಗಳ ಬೇಡ, ದಡ ಅವರ ಕೈಯಲ್ಲಿರುತ್ತದೆ. ಹತ್ತುವ ಮೊದಲೇ ಅಂಗಡಿ, ಶಾಲೆ, ಅನಾಥಾಲಯ ಯಾವುದೂ ಬೇಡವೆಂದು ಖಚಿತವಾಗಿ ಹೇಳಿ, ಒಪ್ಪದಿದ್ದರೆ ವಾಪಸಾಗಿ. ಕಾಂಬೋಡಿಯಾದ ಅನಾಥಾಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆಂದು ಯುನಿಸೆಫ್ ಹಿಂದಿನಿಂದಲೂ ಹೇಳುತ್ತಿದೆ. ಪ್ರವಾಸಿಗರು ದುಡ್ಡು ಕೊಡುತ್ತಿರುವವರೆಗೂ ಆ ಮಕ್ಕಳನ್ನು ತೋರಿಕೆಗೆ ನಿಲ್ಲಿಸುವವರೂ ಇರುತ್ತಾರೆ.

ಏನಾದರೂ ಕೊಡಲೇಬೇಕೆನಿಸಿದರೆ, ಅಂಕೋರ್‌ಗೆ ಹೋಗುವ ರಸ್ತೆಯಲ್ಲೇ ಕಾಂತಾ ಬೋಫಾ ಮಕ್ಕಳ ಆಸ್ಪತ್ರೆಯಿದೆ. ಅಲ್ಲಿ ಚಿಕಿತ್ಸೆ ಉಚಿತ. ತನ್ನ ರಾಜ್ಯದಲ್ಲಿ 102 ಆಸ್ಪತ್ರೆಗಳಿದ್ದವೆಂದು ಅಂಕೋರ್‌ನ ತಾ ಪ್ರೋಮ್ ದೇವಾಲಯದ ಶಾಸನದಲ್ಲಿ ಬರೆಸಿದ ಖ್ಮೇರ್ ದೊರೆ ಏಳನೆಯ ಜಯವರ್ಮನ ಹೆಸರೇ ಅದಕ್ಕೂ ಇದೆ. ಪ್ರವಾಸಿಗರಿಂದ ಹಣವನ್ನೂ ಪಡೆಯುತ್ತಾರೆ, ರಕ್ತವನ್ನೂ ಪಡೆಯುತ್ತಾರೆ.