ಪ್ರೋಗ್ರಾಮಿನ ಅಂಕಿಗಳಿಗೆ ಯಾವ ಡೇಟಾಬೇಸ್? ಮೂರನ್ನೂ ಬಳಸಿ ನೋಡಿದ ಮೇಲೆ

ಸೆನ್ಸರ್ ಓದುವ ನನ್ನ ಪೈಥಾನ್ ಪ್ರೋಗ್ರಾಮ್ ಸೆಕೆಂಡಿಗೆ ಹತ್ತು ಸಲ ಉಷ್ಣತೆ, ಒತ್ತಡದ ಅಂಕಿ ಕೊಡುತ್ತದೆ. ಅವನ್ನೆಲ್ಲ ಸಮಯದ ಜೊತೆ ಕೂಡಿಡಬೇಕು. ಇಂಥ ಅಂಕಿ ಇಡುವ ಡೇಟಾಬೇಸ್‌ಗಳಾದ ಪ್ರೊಮೀಥಿಯಸ್, ಇನ್‌ಫ್ಲಕ್ಸ್‌ಡಿಬಿ, ಟೈಮ್‌ಸ್ಕೇಲ್‌ಡಿಬಿ ಮೂರಕ್ಕೂ ಇದನ್ನೇ ಜೋಡಿಸಿ ನೋಡಿದೆ.

ಪ್ರೊಮೀಥಿಯಸ್ ಈ ಕೆಲಸಕ್ಕೆ ಹೊಂದುವುದಿಲ್ಲ. ಇಲ್ಲಿ ಪ್ರೋಗ್ರಾಮ್ ಏನನ್ನೂ ಕಳಿಸುವುದಿಲ್ಲ. ಈಗಿನ ಅಂಕಿಯನ್ನು ಒಂದು ಪುಟದಲ್ಲಿ ತೋರಿಸುತ್ತದೆ, ಪ್ರೊಮೀಥಿಯಸ್ ತಾನೇ ಬಂದು ಓದಿಕೊಂಡು ಹೋಗುತ್ತದೆ. ನಾವು ಬೇರೆ ಹೇಳದಿದ್ದರೆ ನಿಮಿಷಕ್ಕೊಮ್ಮೆ. ಅಂದರೆ 600ರಲ್ಲಿ 599 ಅಳತೆಗಳು ಹೋದ ಹಾಗೆ, ಅಲ್ವಾ? ಅಂತರ ಕಡಿಮೆ ಮಾಡಿದರೂ ಸಾಮಾನ್ಯವಾಗಿ ದಾಖಲಾಗುವುದು ಅದು ಓದಿದ ಸಮಯ, ಸೆನ್ಸರ್ ಅಳೆದ ಸಮಯವಲ್ಲ. ಆದರೆ ಪ್ರೋಗ್ರಾಮ್ ಓಡುತ್ತಿದೆಯಾ ನಿಂತಿದೆಯಾ ಎಂದು ಕಾಯಲು ನನಗೆ ಇದೇ ಬೇಕು. ಉತ್ತರ ಸಿಗದಿದ್ದರೆ 'ಅಪ್' ಎಂಬ ಅಂಕಿ ತಾನಾಗಿ 0 ಆಗುತ್ತದೆ.

ಇನ್‌ಫ್ಲಕ್ಸ್‌ಡಿಬಿಯಲ್ಲಿ ಶುರು ಮಾಡುವುದು ತುಂಬಾ ಸುಲಭ. ಟೇಬಲ್ ಮೊದಲೇ ಮಾಡಬೇಕಿಲ್ಲ. ಹೆಸರು, ಟ್ಯಾಗ್ (ಯಾವ ಸೆನ್ಸರ್ ಎಂಬಂಥ ಗುರುತು), ಫೀಲ್ಡ್ (ಅಳೆದ ಅಂಕಿ), ಸಮಯ ಇರುವ ಒಂದು ಸಾಲನ್ನು ಎಚ್‌ಟಿಟಿಪಿಯಲ್ಲಿ ಕಳಿಸಿದರೆ ಆಯ್ತು (1 ಮತ್ತು 2ನೇ ಆವೃತ್ತಿಗಳಲ್ಲಿ 8086 ಪೋರ್ಟಿಗೆ). ಸುಮ್ನೆ ಒಂದೊಂದೇ ಸಾಲು ಕಳಿಸಬೇಡಿ, ಸಾವಿರಾರು ಸಾಲುಗಳನ್ನು ಒಟ್ಟಿಗೆ ಕಳಿಸಿ. ಸಮಯದ ಬಗ್ಗೆಯೂ ಎಚ್ಚರ ಬೇಕು. ಈ ಆವೃತ್ತಿಗಳು ಅದನ್ನು ನ್ಯಾನೊಸೆಕೆಂಡ್ ಅಂದುಕೊಳ್ಳುತ್ತವೆ. ಘಟಕ ಹೇಳದೆ ಸೆಕೆಂಡ್ ಕೊಟ್ಟರೆ ಅಂಕಿಗಳೆಲ್ಲ 1970ರ ಜನವರಿ 1ಕ್ಕೆ ಹೋಗಿ ಕೂರುತ್ತವೆ. ಪೂರ್ಣಾಂಕವಾಗಿ ಶುರುವಾದ ಫೀಲ್ಡಿಗೆ ಆಮೇಲೆ ದಶಮಾಂಶ ಕಳಿಸಿದರೆ ಸಾಲನ್ನೇ ತಿರಸ್ಕರಿಸಬಹುದು. ಹೆಸರೂ ಟ್ಯಾಗುಗಳೂ ಸಮಯವೂ ಒಂದೇ ಆದರೆ ಹೊಸ ಅಂಕಿ ಹಳೆಯದರ ಮೇಲೆ ಕೂರುತ್ತದೆ. 1 ಮತ್ತು 2ನೇ ಆವೃತ್ತಿಗಳಲ್ಲಿ ಪ್ರೋಗ್ರಾಮಿನ ಪ್ರತಿ ಓಟಕ್ಕೂ ಹೊಸ ಟ್ಯಾಗ್ ಹಾಕುತ್ತಾ ಹೋದರೆ ಸರಣಿಗಳು (ಒಂದೊಂದು ಟ್ಯಾಗ್ ಜೋಡಣೆಗೆ ಒಂದೊಂದು) ಜಾಸ್ತಿಯಾಗಿ ಮೆಮೊರಿ ತಿನ್ನುತ್ತವೆ.

ನಾನು ಉಳಿಸಿಕೊಂಡದ್ದು ಟೈಮ್‌ಸ್ಕೇಲ್‌ಡಿಬಿ. ಇದು ಪೋಸ್ಟ್‌ಗ್ರೆಸ್ ಎಂಬ ಎಸ್‌ಕ್ಯುಎಲ್ ಡೇಟಾಬೇಸಿಗೆ ಸೇರಿಸುವ ಎಕ್ಸ್‌ಟೆನ್ಷನ್. ಮಾಮೂಲಿ ಟೇಬಲನ್ನು ಹೈಪರ್‌ಟೇಬಲ್ ಮಾಡಿದರೆ ಒಳಗೊಳಗೇ ಸಮಯದ ಪ್ರಕಾರ ತುಂಡು ಮಾಡಿ ಇಡುತ್ತದೆ. ಕಾಲಂಗಳನ್ನು ಮೊದಲೇ ಯೋಚಿಸಬೇಕು, ಅದು ಸ್ವಲ್ಪ ಕೆಲಸವೇ. ಆದರೆ ಪ್ರತಿ ಸೆನ್ಸರಿಗೂ ತಿದ್ದುಪಡಿಯ ಅಂಕಿಗಳಿರುವ ಇನ್ನೊಂದು ಟೇಬಲ್ ನನ್ನಲ್ಲಿದೆ. ಎರಡು ಟೇಬಲ್‌ಗಳನ್ನು ಕೂಡಿಸುವ ಒಂದು ಜಾಯಿನ್ ಬರೆದರೆ ಸರಿಪಡಿಸಿದ ಅಂಕಿ ಸಿಗುತ್ತದೆ. ಈ ಅನುಕೂಲಕ್ಕೆ ನಾನು ಉಳಿದೆಲ್ಲ ಬಿಟ್ಟುಕೊಟ್ಟೆ. ವೇಗ ಬೇಕಿದ್ದರೆ ಸಾಲು ಸಾಲಾಗಿ ಇನ್ಸರ್ಟ್ ಮಾಡದೆ, ಸಾಲುಗಳನ್ನು ಒಟ್ಟಿಗೆ ತುಂಬುವ ಕಾಪಿ (COPY) ಆದೇಶ ಬಳಸಿ.

ಯಾವುದಕ್ಕೆ ಕಳಿಸಿದರೂ ಸಮಯವನ್ನು ಅಳೆದ ಕ್ಷಣದಲ್ಲೇ ಗುರುತು ಹಾಕಿ. ಕಳಿಸುವ ಕೆಲಸವನ್ನು ಬೇರೆ ಥ್ರೆಡ್ಡಿಗೆ (ಪ್ರೋಗ್ರಾಮಿನೊಳಗೆ ಜೊತೆಜೊತೆಗೇ ಓಡುವ ಇನ್ನೊಂದು ಭಾಗಕ್ಕೆ) ಬಿಡಿ, ನಡುವೆ ಅಂಕಿಗಳು ಸರದಿಯಲ್ಲಿ ಕಾಯುವ ಒಂದು ಕ್ಯೂ ಇರಲಿ. ಆಗ ಡೇಟಾಬೇಸ್ ಸ್ವಲ್ಪ ಹೊತ್ತು ನಿಂತರೂ ಅಳತೆ ನಿಲ್ಲುವುದಿಲ್ಲ.